ಬಾಟ್ಲಿಯಲ್ಲಿದ್ದ ಡೀಸೆಲ್ಲು

ನಾವು ಮೂವರು. ಒಬ್ಬ ಸಿಂಧನೂರಿನವ, ಒಬ್ಬ ಮಸ್ಕಿಯವ, ಇನ್ನೊಬ್ಬ ಲಿಂಗಸುಗೂರಿನವ. ಊರಿಗೆ ಹೋಗೋದು ಒಂದೇ ಬಸ್ಸಲ್ಲಿ, ಇಳಿಯೋ ಸ್ಟಾಪ್ ಮಾತ್ರ ಬೇರೆ.

ಹೋದ ವರ್ಷ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ವಾರವೇ ಸಿಂಧನೂರಿನವನ ಮನೆ ಟ್ರ್ಯಾಕ್ಟರ್ ಗದ್ದೆಯಲ್ಲಿ ನಿಂತುಬಿಟ್ಟಿತು. ಮೆಕ್ಯಾನಿಕ್ ಇಂಜೆಕ್ಷನ್ ಪಂಪ್ ಬಿಚ್ಚಿ, "ಒಳಗ ಎಲ್ಲಾ ಸವದೈತಿ. ಡೀಸೆಲ್‌ನಾಗ ಚಿಮಣಿ ಎಣ್ಣಿ ಕೂಡಿಸ್ಯಾರ" ಅಂದ. ಸೀಮೆಎಣ್ಣೆಗೆ ಡೀಸೆಲ್ಲಿನಷ್ಟು ಜಿಡ್ಡಿಲ್ಲ, ಬೆರೆಸಿದರೆ ಪಂಪ್ ಸವೆಯುತ್ತೆ ಅನ್ನೋದು ನಿಜ. ರಿಪೇರಿಗೆ ಸಾಲ ಆಯ್ತು, ಭತ್ತದ ನಾಟಿ ಹನ್ನೆರಡು ದಿನ ತಡವಾಯ್ತು. ಅವರಪ್ಪ ಟ್ಯಾಂಕಲ್ಲಿ ಉಳಿದದ್ದನ್ನ ಬಾಟ್ಲಿಗೆ ಹಾಕಿ ಕೊಟ್ರು: "ನಿಮ್ಮ ಕಾಲೇಜಿನಾಗ ದೊಡ್ಡ ಮಷೀನ್ ಐತಂತಲ್ಲ, ನೋಡ್ರಿ."

ಆ ಮಷೀನೇ ಜಿಸಿ-ಎಂಎಸ್. 1940ರ ದಶಕದಲ್ಲಿ ಮಾಸ್ ಸ್ಪೆಕ್ಟ್ರೋಮೀಟರನ್ನು ದುಡ್ಡು ಕೊಟ್ಟು ಕೊಂಡ ಮೊದಲಿಗರಲ್ಲಿ ಅಮೆರಿಕದ ತೈಲ ಕಂಪನಿಗಳಿದ್ದವು. ಮೊದಲು ಕೂದಲಿನಷ್ಟು ಸಣ್ಣ ಕೊಳವೆಯಲ್ಲಿ ಡೀಸೆಲ್ ಆವಿ ಸಾಗುತ್ತೆ. ಹಗುರ ಅಣುಗಳು ಬೇಗ, ಭಾರದವು ತಡವಾಗಿ ಹೊರಬರುತ್ತವೆ. ಬಂದ ಅಣುವಿಗೆ 70 ಇಲೆಕ್ಟ್ರಾನ್ ವೋಲ್ಟ್‌ನ ಇಲೆಕ್ಟ್ರಾನು ಬಡಿದಾಗ ಅದು ಒಡೆಯುತ್ತೆ, ಯಂತ್ರ ಚೂರುಗಳನ್ನು ತೂಗುತ್ತೆ. 43, 57, 71, 85... ಹದಿನಾಲ್ಕರ ಮೆಟ್ಟಿಲು. ಒಂದು ಇಂಗಾಲ, ಎರಡು ಜಲಜನಕ ಸೇರಿದ್ರೆ ಹದಿನಾಲ್ಕು.

ಕಳ್ಳ ಸಿಕ್ಕ ಅಂತ ಕುಣಿದೆವು. ಕಾಲೇಜ್ ಬಸ್ಸಿನ ಡೀಸೆಲ್ ಜೊತೆ ಹೋಲಿಸಿದ್ರೆ ನಮ್ಮ ಬಾಟ್ಲಿಯಲ್ಲಿ ಹಗುರ ಅಣುಗಳ ಗುಡ್ಡ ಎತ್ತರವಾಗೇ ಇತ್ತು. ಆದರೆ ಸೀಮೆಎಣ್ಣೆಯಲ್ಲಿರೋ 10ರಿಂದ 16 ಇಂಗಾಲದ ಅಣುಗಳು ಶುದ್ಧ ಡೀಸೆಲ್ಲಿನಲ್ಲೂ ಇರ್ತವೆ. 'ಸೀಮೆಎಣ್ಣೆ' ಅಂತ ಒಂದು ಅಣುವೇ ಇಲ್ಲ! ರಿಫೈನರಿಯಿಂದ ರಿಫೈನರಿಗೆ ಪ್ರಮಾಣವೂ ಬದಲಾಗುತ್ತೆ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಅದೇ ಲೋಡಿನ ಶುದ್ಧ ಸ್ಯಾಂಪಲ್ ಎಲ್ಲಿದೆ?"

ನಮ್ಮ ಹತ್ರ ಇರಲಿಲ್ಲ.

ಮಸ್ಕಿಯವ ರಾತ್ರಿ ಹಾಸ್ಟೆಲಲ್ಲಿ ಹೇಳಿದ: "ನಮ್ಮೂರ ಬಂಡೆ ಕಥೆನೇ ಇದು." 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಮಸ್ಕಿ ಶಾಸನವನ್ನು ಕಂಡ. ಅದಕ್ಕೂ ಮೊದಲು ಸಿಕ್ಕ ಬಂಡೆಗಳಲ್ಲಿ 'ದೇವಾನಾಂಪ್ರಿಯ' ಅನ್ನೋ ಬಿರುದು ಇತ್ತು, ಅಶೋಕ ಅನ್ನೋ ಹೆಸರಿರಲಿಲ್ಲ. ಬಿರುದು ಯಾರದು ಅಂತ ಗಟ್ಟಿಮಾಡಿದ್ದು ಮಸ್ಕಿ. ನಮ್ಮ ಗ್ರಾಫಲ್ಲಿ ಬಿರುದು ಇತ್ತು, ಹೆಸರು ಇರಲಿಲ್ಲ. ಹಟ್ಟಿ ಚಿನ್ನದ ಗಣಿ ನೋಡ್ತಾ ಬೆಳೆದ ಲಿಂಗಸುಗೂರಿನವ ಸೇರಿಸಿದ: "ಎಲ್ಲಿ ತೆಗೆದದ್ದು ಅಂತ ಚೀಟಿ ಇಲ್ಲದಿದ್ರೆ ಅದಿರೂ ಬರೀ ಕಲ್ಲೇ."

ಊರಿಗೆ ಹೋಗಿ ಅಪ್ಪನಿಗೆ ಹೇಳೋದು ಕಷ್ಟವಾಯ್ತು. "ಅನುಮಾನ ಐತಿ, ಪುರಾವೆ ಇಲ್ಲ" ಅಂದ್ವಿ.

"ಅಷ್ಟು ನನಗೂ ಗೊತ್ತಿತ್ತಲ್ಲೋ" ಅಂದ್ರು.

ತಲೆ ತಗ್ಗಿಸಿದೆವು. ಆಮೇಲೆ ನಮಗೆ ಗೊತ್ತಿದ್ದ ಸಣ್ಣ ವಿಷಯ ಹೇಳಿದ್ವಿ. ಬಂಕಲ್ಲಿ ಸಾಂದ್ರತೆ ಅಳೆದು ತೋರಿಸಿ ಅಂತ ಗ್ರಾಹಕ ಕೇಳಬಹುದು. 15 ಡಿಗ್ರಿಗೆ ಲೆಕ್ಕ ಹಾಕಿದಾಗ ದಾಖಲೆಗೂ ಅಳತೆಗೂ ಘನಮೀಟರಿಗೆ 3 ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕೋಟಿ ಬೆಲೆಯ ಯಂತ್ರ ಬೇಡ, ಗಾಜಿನ ಹೈಡ್ರೋಮೀಟರ್ ಸಾಕು.

ಈಗ ಅವರ ಕೊಟ್ಟಿಗೆಯ ಕಿಟಕಿಯಲ್ಲಿ ಸಾಲಾಗಿ ಪುಟ್ಟ ಬಾಟ್ಲಿಗಳು. ಪ್ರತಿಯೊಂದಕ್ಕೂ ಚೀಟಿ: ಬಂಕು, ತಾರೀಖು, ಸಾಂದ್ರತೆ. ಅಕ್ಷರ ಸೊಟ್ಟ, ಅಂಕಿ ಮಾತ್ರ ನೆಟ್ಟಗೆ.