ಬೆಕ್ಕು ಹಾಲು ಕುಡಿದದ್ದನ್ನು ಕಂಡವರು ಯಾರು?

ನನ್ನ ತಂಗಿಯ ಮಗಳು ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗಿಯೇ ತೀರುತ್ತೇನೆಂದು ಹಟ ಹಿಡಿದಿದ್ದಾಳೆ. ಓದಲು ಅನುಕೂಲವೆಂದು ಆರು ತಿಂಗಳಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಬೆಳಿಗ್ಗೆ ಐದಕ್ಕೆ ಎದ್ದು ಓಡಲು ಹೋಗುತ್ತಾಳೆ, ಬಂದು ನಾಲ್ಕು ಇಡ್ಲಿ ಜಾಸ್ತಿಯೇ ತಿನ್ನುತ್ತಾಳೆ.

ಆ ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳಂತೆ. ಮೊದಲನೆಯದು 50 ಅಂಕದ್ದು; ಪ್ರಬಂಧ, ಸಾರಾಂಶ, ಭಾಷಾಂತರ. "ಕಳ್ಳನನ್ನು ಹಿಡಿಯೋಕೆ ಪ್ರಬಂಧ ಯಾಕೇ?" ಎಂದು ನಾನೂ ನಕ್ಕಿದ್ದೆ.

ಹೋದ ಭಾನುವಾರ ಕ್ಲಾಸಿನಲ್ಲಿ ಸಂದರ್ಶನದ ಅಭ್ಯಾಸ ಮಾಡಿಸಿದರಂತೆ. "ತನಿಖೆ ಮಾಡುವವರಿಗೆ ಬರವಣಿಗೆ ಚೆನ್ನಾಗಿರಬೇಕು ಅಂತಾರಲ್ಲ, ಯಾಕಮ್ಮ?" ಎಂದು ಕೇಳಿದರಂತೆ. ಇವಳು "ಭಾಷೆ ಶುದ್ಧವಾಗಿರಬೇಕು, ಅಕ್ಷರ ದುಂಡಗಿರಬೇಕು" ಎಂದಳು. "ಅದು ಸ್ಕೂಲ್ ಮೇಷ್ಟರಿಗೂ ಬೇಕು. ಪೊಲೀಸರಿಗೆ ಯಾಕೆ?" ಅಂದರಂತೆ. ಇವಳು ತೆಪ್ಪಗೆ ಕೂತು ಬಂದಿದ್ದಾಳೆ. ಮನೆಗೆ ಬಂದವಳು ಊಟಕ್ಕೂ ಏಳಲಿಲ್ಲ. ಆಗ ನಾನು, ನಮ್ಮೆಜಮಾನರಿಗೂ ಪೂರ್ತಿ ಹೇಳದ ಒಂದು ಸಂಗತಿಯನ್ನು ಅವಳಿಗೆ ಹೇಳಿದೆ. ನಿಮಗೂ ಹೇಳುತ್ತೇನೆ.

1994ರಲ್ಲಿ ನಮ್ಮ ಮನೆಯಲ್ಲಿ ಕಳವಾಯಿತು. ಎರಡೆಳೆ ಸರ, ನಾಲ್ಕು ಬೆಳ್ಳಿ ಲೋಟ ಹೋದವು. ಸದ್ದಿಗೆ ಎಚ್ಚರವಾಗಿ ಎದ್ದಾಗ ಹಿತ್ತಿಲ ಗೋಡೆ ಹಾರುತ್ತಿದ್ದವನ ಬೆನ್ನು ಮಾತ್ರ ಕಂಡಿತು. ಚೌಕುಳಿ ಅಂಗಿ ಇದ್ದ ಹಾಗಿತ್ತು. ಅಷ್ಟನ್ನೇ ಸ್ಟೇಷನ್ನಿನಲ್ಲಿ ಹೇಳಿದೆ. ಬರೆದುಕೊಂಡವರು "ಇಲ್ಲಿ ರುಜು ಹಾಕಿ" ಅಂದರು. ಕೈ ನಡುಗುತ್ತಿತ್ತು, ಮನೆಯಲ್ಲಿ ಮಗು ಅಳುತ್ತಿತ್ತು, ಓದದೆ ಹಾಕಿದೆ.

ಎರಡು ದಿನಕ್ಕೆ ನಮ್ಮ ಬೀದಿಯ ಕೊನೆಯ ಮನೆಯ ಹುಡುಗನನ್ನು ಹಿಡಿದರು. ಸೈಕಲ್ ಷಾಪಿನಲ್ಲಿ ಕೆಲಸಕ್ಕಿದ್ದವನು. ಅವನ ಹತ್ತಿರ ಚೌಕುಳಿ ಅಂಗಿ ಇತ್ತು. ನಮ್ಮೂರಲ್ಲಿ ಯಾರ ಹತ್ತಿರ ಇರಲಿಲ್ಲ ಹೇಳಿ! ಹನ್ನೊಂದು ದಿನ ಒಳಗಿದ್ದ.

ಕೋರ್ಟಿನಲ್ಲಿ ವಕೀಲರು ನನ್ನ ದೂರನ್ನು ಓದಿದರು. "ಸದರಿ ವ್ಯಕ್ತಿಯನ್ನು ಬೀದಿ ದೀಪದ ಬೆಳಕಿನಲ್ಲಿ ನೋಡಿರುತ್ತೇನೆ, ಮುಂದೆ ನೋಡಿದರೆ ಗುರುತಿಸುತ್ತೇನೆ" ಎಂದಿತ್ತು. ಕೊನೆಗೆ "ಓದಿ ಹೇಳಲಾಗಿ ಕೇಳಿದೆ, ಸರಿ ಇರುತ್ತದೆ", ಅದರ ಕೆಳಗೆ ನನ್ನ ರುಜು. "ಮುಖ ನೋಡಿದಿರಾ ಅಮ್ಮ?" ಎಂದರು. ಇಲ್ಲ ಎಂದೆ. "ಹಾಗಾದರೆ ಇದು ಸುಳ್ಳೇ?" ನಾನೇನು ಹೇಳಲಿ? ಹುಡುಗ ಬಿಡುಗಡೆಯಾದ. ಆದರೆ ಅಷ್ಟರಲ್ಲಿ ಷಾಪಿನವರು ಅವನನ್ನು ಬಿಡಿಸಿದ್ದರು. ಅವನ ತಾಯಿ ನನ್ನನ್ನು ಕಂಡರೆ ಸೆರಗು ಎಳೆದುಕೊಂಡು ಆ ಕಡೆ ತಿರುಗುತ್ತಿದ್ದರು. ಒಂದು ವರ್ಷದೊಳಗೆ ಮನೆ ಖಾಲಿ ಮಾಡಿದರು. ಸರ ಸಿಗಲಿಲ್ಲ ಬಿಡಿ.

ಅವಳು ಸುಮ್ಮನೆ ಕೇಳಿ, ಆಮೇಲೆ ಪುಸ್ತಕ ತೆಗೆದು ತೋರಿಸಿದಳು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೂ ಇದೆಯಂತೆ: ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಹೇಳಿದವರಿಗೆ ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಹಳೆಯ ಕಾನೂನಿನಲ್ಲೂ ಹೀಗೇ ಇತ್ತಂತೆ. ನನಗೆ ಯಾರು ಹೇಳಿದ್ದರು! ಸಾಕ್ಷಿಗಳು ತನಿಖೆಯಲ್ಲಿ ಕೊಡುವ ಹೇಳಿಕೆಗೆ ಮಾತ್ರ ರುಜು ಹಾಕಿಸಕೂಡದಂತೆ. ಇದು ನಿಮಗೂ ಗೊತ್ತಿರಲಿ.

ಮರುದಿನ ಅಡಿಗೆಮನೆಯಲ್ಲಿ ಹಾಲು ಅರ್ಧವಾಗಿತ್ತು. "ಬರಿ ನೋಡೋಣ" ಎಂದು ಹಾಲಿನ ಲೆಕ್ಕದ ಪುಸ್ತಕ ಕೊಟ್ಟೆ. "ರಾತ್ರಿ ಬೆಕ್ಕು ಬಂದು ಹಾಲು ಕುಡಿಯಿತು" ಎಂದು ಬರೆದಳು.

"ನೀನು ನೋಡಿದೆಯೇನೇ?"

"ಇಲ್ಲ ದೊಡ್ಡಮ್ಮ, ಇನ್ಯಾರು ಕುಡೀತಾರೆ?"

ನಾನು ಮಾತಾಡಲಿಲ್ಲ. ಅವಳೇ ಹೊಡೆದುಹಾಕಿ ಮತ್ತೆ ಬರೆದಳು: "ಬೆಳಿಗ್ಗೆ ಐದು ಗಂಟೆಗೆ ಮುಚ್ಚಳ ನೆಲದ ಮೇಲಿತ್ತು. ಕಿಟಕಿ ತೆರೆದಿತ್ತು. ಪಾತ್ರೆಯಲ್ಲಿ ಅರ್ಧ ಹಾಲಿತ್ತು."

ಸಂಜೆ ನಮ್ಮೆಜಮಾನರು, ರಾತ್ರಿ ಒಂದು ಗಂಟೆಗೆ ತಾವೇ ಎದ್ದು ಕಾಫಿ ಮಾಡಿಕೊಂಡದ್ದನ್ನು ಒಪ್ಪಿಕೊಂಡರು. ಡಾಕ್ಟರು ಕಾಫಿ ಬೇಡ ಎಂದಿದ್ದಾರೆ, ಅದಕ್ಕೇ ಬಾಯಿ ಬಿಟ್ಟಿರಲಿಲ್ಲ.

ಈ ಭಾನುವಾರ ಕ್ಲಾಸಿನಲ್ಲಿ ಅದೇ ಪ್ರಶ್ನೆ ಬಂದರೆ ಬೆಕ್ಕಿನ ಕಥೆ ಹೇಳುತ್ತಾಳಂತೆ. "ಆ ಹುಡುಗನದನ್ನು ಹೇಳಲೇ ದೊಡ್ಡಮ್ಮ?" ಎಂದು ಕೇಳಿದಳು. ಹೇಳು ಎಂದೆ.