ಬಲಿಪೀಠದಿಂದ ಬಾನುಲಿಗೆ

ಅಗಲ್ಪಾಡಿಯಂತಹ ಗಡಿನಾಡಿನ ಊರುಗಳ ಮನೆಮನೆಗೆ ಕನ್ನಡದ ದನಿಯನ್ನು ತಲುಪಿಸಿದ ಸಾಧನಗಳಲ್ಲಿ 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯೂ ಒಂದು. ಅಡಿಕೆ ಸುಲಿಯುವವರಿಗೆ ಕೈಗೆ ಕೆಲಸವಿದ್ದರೂ ಕಿವಿಗೆ ಬಿಡುವಿರುತ್ತದೆ. ಅಕ್ಷರ ಬಾರದವರನ್ನೂ ಮುಟ್ಟುವ ಈ ಮಾಧ್ಯಮದ ಬಲ ಒಬ್ಬರದೇ ದನಿಗೆ ದಕ್ಕಿದರೆ ಏನಾದೀತು ಎಂಬುದಕ್ಕೆ ಅಮೆರಿಕದ ಕಥೋಲಿಕ ಧರ್ಮಗುರು ಚಾರ್ಲ್ಸ್ ಕಾಗ್ಲಿನ್ ಅವರ ಬದುಕು ನಿದರ್ಶನವಾಗಿದೆ.

1891ರಲ್ಲಿ ಕೆನಡಾದಲ್ಲಿ ಜನಿಸಿದ ಕಾಗ್ಲಿನ್ ಡೆಟ್ರಾಯಿಟ್ ಸಮೀಪದ ರಾಯಲ್ ಓಕ್ ಎಂಬಲ್ಲಿ ಇಗರ್ಜಿಯ ಗುರುಗಳಾಗಿದ್ದರು. 1926ರಲ್ಲಿ ಅವರು ಬಾನುಲಿ ಪ್ರವಚನ ಆರಂಭಿಸಿದಾಗ ಅದರ ವಸ್ತು ಧರ್ಮವೇ ಆಗಿತ್ತು. 1929ರ ಆರ್ಥಿಕ ಕುಸಿತ ಲಕ್ಷಾಂತರ ಕಾರ್ಮಿಕರ ಅನ್ನವನ್ನು ಕಸಿದ ಮೇಲೆ ಪ್ರವಚನ ಬ್ಯಾಂಕುಗಳತ್ತ, ಧನಿಕರತ್ತ ತಿರುಗಿತು. ದುಡಿಯುವವನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂಬ ಪೋಪ್ ಹದಿಮೂರನೆಯ ಲಿಯೋ ಅವರ ಬೋಧನೆ ಅವರಿಗೆ ಆಧಾರವಾಗಿತ್ತು. ನೊಂದವರು ಅವರ ಮಾತಿನಲ್ಲಿ ತಮ್ಮ ಅಳಲನ್ನೇ ಕೇಳಿದರು. 1931ರಲ್ಲಿ ರಾಷ್ಟ್ರೀಯ ಪ್ರಸಾರಜಾಲವೊಂದು ಅವರನ್ನು ಕೈಬಿಟ್ಟಾಗ ಶ್ರೋತೃಗಳ ಕಾಣಿಕೆಯ ಬಲದಿಂದ ಅವರು ತಮ್ಮದೇ ಜಾಲವನ್ನು ಕಟ್ಟಿಕೊಂಡರು.

1932ರಲ್ಲಿ ಅವರು ರೂಸ್‌ವೆಲ್ಟರ ಬೆಂಬಲಿಗರು, 1936ರಲ್ಲಿ ಕಡುವಿರೋಧಿ. ಅವರು ಬೆಂಬಲಿಸಿದ ಮೂರನೆಯ ಪಕ್ಷದ ಅಭ್ಯರ್ಥಿ ಆ ಚುನಾವಣೆಯಲ್ಲಿ ಹೀನಾಯವಾಗಿ ಸೋತರು. ಬಳಿಕ ಬಡವರ ಪರವಾದ ಕೋಪ ಯೆಹೂದ್ಯರ ಮೇಲಿನ ದ್ವೇಷವಾಗಿ ಹೊರಳಿತು. 1938ರ ನವೆಂಬರಿನಲ್ಲಿ ಜರ್ಮನಿಯ ಯೆಹೂದ್ಯರ ಮೇಲೆ ನಾಜಿಗಳು ನಡೆಸಿದ ದಾಳಿಗೂ ಅವರು ಸಮಜಾಯಿಷಿ ನೀಡಿದರು. ಪ್ರಸಾರಕರ ಹೊಸ ನಿಯಮಗಳಿಂದಾಗಿ 1940ರಲ್ಲಿ ಅವರ ಬಾನುಲಿ ಮಾತು ನಿಂತಿತು. 1942ರಲ್ಲಿ ಅವರ ಪತ್ರಿಕೆಯೂ ನಿಂತಿತು, ರಾಜಕೀಯದಿಂದ ದೂರವಿರುವಂತೆ ಮಹಾಧರ್ಮಾಧ್ಯಕ್ಷರ ಆಜ್ಞೆಯೂ ಬಂತು.

ಭಾರತದ ದಾರಿ ಬೇರೆ. ಆಕಾಶತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಸಾರಿತು. ಆದರೂ ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ‘ರೇಡಿಯೊ ಸಾರಂಗ್’‌ನಂತಹ ಸಮುದಾಯ ಬಾನುಲಿಗಳಿಗೆ ಸ್ವಂತ ರಾಜಕೀಯ ವಾರ್ತೆ ಬಿತ್ತರಿಸುವ ಸ್ವಾತಂತ್ರ್ಯವಿಲ್ಲ. ಕಾಗ್ಲಿನ್‌ರಂತಹವರ ಭಯದಿಂದ ಎಲ್ಲರ ಬಾಯಿಗೂ ಬೀಗ ಹಾಕುವುದು ಪರಿಹಾರವಾಗಲಾರದು.

ಎದುರುಪಕ್ಷದ ಮಾತನ್ನು ಕೇಳದೆ ತೀರ್ಪು ನೀಡಬಾರದೆಂಬುದು ನ್ಯಾಯಶಾಸ್ತ್ರದ ಮೊದಲ ಪಾಠ. ಕಾಗ್ಲಿನ್‌ರ ಶ್ರೋತೃಗಳು ಅವರಿಗೆ ಪತ್ರ ಬರೆಯಬಹುದಿತ್ತು, ಹಣ ಕಳುಹಿಸಬಹುದಿತ್ತು. ಅದೇ ಗಳಿಗೆಯಲ್ಲಿ, ಅದೇ ತರಂಗದಲ್ಲಿ ‘ಇದು ಸುಳ್ಳು’ ಎನ್ನುವ ಅವಕಾಶ ಯೆಹೂದ್ಯನಿಗಿರಲಿಲ್ಲ. ಅಲ್ಪಸಂಖ್ಯಾತ ಭಾಷೆಯವರಿಗೆ ಈ ಕೊರತೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.