ಗೋಸುಂಬೆಯನ್ನು ಯಾರಿಗೆ ಒಪ್ಪಿಸುವುದು?

ಪರಊರಿಗೆ ಹೊರಡುವಾಗ ಬೀಗದ ಕೈಯನ್ನು ನೆರೆಮನೆಗೆ ಕೊಡಬಹುದು. ಎಮ್ಮೆಯನ್ನು ಬೇಕಾದವರಿಗೆ ಒಪ್ಪಿಸಬಹುದು. ತುಳಸಿಗೆ ನೀರು ಹಾಕೆಂದು ಎದುರುಮನೆಯ ಹುಡುಗಿಗೆ ಹೇಳಬಹುದು. ಇವಕ್ಕೆಲ್ಲ ರೂಢಿಯುಂಟು. ಆದರೆ, “ನಾವು ಹದಿನೈದು ದಿನ ಊರಲ್ಲಿರುವುದಿಲ್ಲ, ನಮ್ಮ ಗೋಸುಂಬೆಯನ್ನು ಸ್ವಲ್ಪ ನೋಡಿಕೊಳ್ಳಿ” ಎಂದು ಯಾರಿಗೆ ಹೇಳುವುದು, ಯಾವ ಮುಖ ಹೊತ್ತು ಹೇಳುವುದು? ಈಚೆಗೆ ಒಂದು ದಸರೆಯ ರಜೆಯಲ್ಲಿ ನನಗೆ ಈ ಪೇಚು ಒದಗಿತು.

ನಮ್ಮದು ಬೀದರ ಜಿಲ್ಲೆಯ ಠಾಣಾ ಕುಶನೂರ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಸೀಮೆ. ಮಹಾರಾಷ್ಟ್ರದ ಗಡಿಯೂ ದೂರವಿಲ್ಲ. ಸಂತೆಯಲ್ಲಿ ಒಂದು ಕಿವಿಗೆ ಕನ್ನಡ ಬಿದ್ದರೆ ಇನ್ನೊಂದಕ್ಕೆ ಮರಾಠಿಯೋ ಉರ್ದುವೋ ಬೀಳುತ್ತದೆ. ಆದ್ದರಿಂದ ಈ ಬಡಪ್ರಾಣಿಗೂ ಇಲ್ಲಿ ಮೂರು ಹೆಸರು: ಗೋಸುಂಬೆ, ಸರಡಾ, ಗಿರಗಿಟ್. ಮೂರೂ ಬೈಗುಳವೇ. ಚುನಾವಣೆ ಹತ್ತಿರ ಬಂದರಂತೂ ಮೂರೂ ಭಾಷೆಯಲ್ಲಿ ಅದರ ಸ್ಮರಣೆ ನಡೆಯುತ್ತದೆ. ಇಷ್ಟಾಗಿ, ಹಾಗೆ ಬೈಯುವವರಲ್ಲಿ ಬಹುಮಂದಿ ನಿಜವಾದ ಗೋಸುಂಬೆಯನ್ನು ಕಂಡವರಲ್ಲ. ಬೇಲಿಯ ಮೇಲೆ ಕತ್ತು ಕುಣಿಸುವ ಓತಿಕ್ಯಾತವನ್ನೇ ಗೋಸುಂಬೆಯೆಂದು ತಿಳಿದವರು.

ನಿಜವಾದದ್ದು ನಮ್ಮ ಮನೆಗೆ ಬಂದದ್ದು ಸೋಯಾ ರಾಶಿಯ ಕಾಲದಲ್ಲಿ. ಹಿತ್ತಿಲ ಆಚೆಯ ಹೊಲ ಕೊಯ್ದು ಬಯಲಾಗಿತ್ತು. ನಿಲ್ಲಲು ಗಿಡವಿಲ್ಲದೆ ಅದು ದಾರಿಗೆ ಇಳಿದಿತ್ತು. ಒಂದು ಹೆಜ್ಜೆ ಎತ್ತಿ, ಇಡಲೋ ಬೇಡವೋ ಎಂದು ಮೂರು ಸಲ ತೂಗಿ, ಕಡೆಗೆ ಇಡುವ ಅದರ ನಡಿಗೆಯಲ್ಲಿ ದಾರಿ ದಾಟುವುದೆಂದರೆ ಅರ್ಧ ದಿನದ ಕೆಲಸ. ವಿಷದ ಹುಳು ಎಂದು ಹುಡುಗರು ಕಲ್ಲು ಕೈಗೆತ್ತಿಕೊಂಡಿದ್ದರು. ಅದಕ್ಕೆ ವಿಷವೂ ಇಲ್ಲ, ಓಡುವ ಕಾಲೂ ಇಲ್ಲ. ಹತ್ತು ವರ್ಷದ ನನ್ನ ಮೊಮ್ಮಗ ಅದನ್ನು ಒಂದು ಕಡ್ಡಿಗೆ ಹತ್ತಿಸಿಕೊಂಡು ಮನೆಗೆ ತಂದ.

ಅಂದೇ ಹಿತ್ತಿಲ ಬೇಲಿಗೆ ಬಿಡಿಸಬೇಕಾಗಿತ್ತು. ವನ್ಯಜೀವಿಗಳನ್ನು ಹಿಡಿಯಬಾರದು, ಸಾಕಬಾರದು ಎಂದು 1972ರ ಕಾಯಿದೆ ಹೇಳುತ್ತದೆ. ಗೋಸುಂಬೆ ಅದರ ರಕ್ಷಣೆಯಲ್ಲಿರುವ ಪ್ರಾಣಿ. ವಿಜ್ಞಾನದ ಮಾಸ್ತರನಾಗಿ ಈ ಕಾಯಿದೆಯನ್ನು ಮಕ್ಕಳಿಗೆ ಕಂಠಪಾಠ ಮಾಡಿಸಿದವನು ನಾನೇ. ಆದರೆ ಮೊಮ್ಮಗನ ಮುಖ ನೋಡಿ “ನಾಳೆ ಬಿಡೋಣ” ಎಂದೆ. ನಾಳೆಗಳು ಎಂಟಾದವು.

ಹಿಂದೆ ಹಾಲು ಮೊಸರು ಇಡುತ್ತಿದ್ದ ಜಾಲರಿ ಕಪಾಟು ಅದರ ಮನೆಯಾಯಿತು. ಒಳಗೆ ಒಂದು ಪೇರಲ ಕೊಂಬೆ ನಿಲ್ಲಿಸಿದೆವು. ಬಟ್ಟಲಲ್ಲಿ ನೀರಿಟ್ಟರೆ ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ಹುಡುಗ ಎಲೆಯ ಧೂಳು ತೊಳೆಯಲೆಂದು ನೀರು ಚಿಮುಕಿಸಿದಾಗ, ಎಲೆಯ ತುದಿಯ ಹನಿಯನ್ನು ನೆಕ್ಕಿ ಕುಡಿಯಿತು! ನಿಂತ ನೀರನ್ನು ಅದು ನೀರೆಂದೇ ಬಗೆಯುವುದಿಲ್ಲ. ಒಂದು ಕಣ್ಣು ಮಿಡತೆಯ ಮೇಲಿದ್ದರೆ ಇನ್ನೊಂದು ನನ್ನ ಮೇಲೆ. ನಾಲಗೆ ಹೋದದ್ದೂ ಬಂದದ್ದೂ ಕಾಣದು; ಮಿಡತೆ ಇಲ್ಲವಾದದ್ದು ಮಾತ್ರ ಕಾಣುತ್ತದೆ.

ಬಣ್ಣದ ವಿಷಯದಲ್ಲಿ ಅದು ನನ್ನ ಮಾನವನ್ನೇ ಕಳೆಯಿತು. ಕೂತ ಜಾಗದ ಬಣ್ಣವನ್ನು ಅದು ತಾಳುತ್ತದೆಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಹುಡುಗ ಕೆಂಪು ವಲ್ಲಿಯ ಮೇಲೆ ಕೂರಿಸಿ ನೋಡಿದ. ಕೆಂಪಾಗುವ ಬದಲು ಅದು ಸಿಟ್ಟಿನಿಂದ ಕಪ್ಪಿಟ್ಟಿತು. ಹೆದರಿಕೆ, ಸಿಟ್ಟು, ಚಳಿ, ಬಿಸಿಲು, ತನ್ನವರ ಜತೆಯ ಮಾತು, ಇವೇ ಅದರ ಬಣ್ಣದ ಮುಖ್ಯ ಕಾರಣಗಳಂತೆ. ಮಡಗಾಸ್ಕರದ ಒಂದು ಜಾತಿಯ ಗೋಸುಂಬೆಯ ಚರ್ಮದಲ್ಲಿ ಅತಿ ಸಣ್ಣ ಹರಳುಗಳಿದ್ದು, ಅವುಗಳ ನಡುವಣ ಅಂತರ ಹೆಚ್ಚು ಕಡಿಮೆಯಾದಂತೆ ಬಣ್ಣ ಬದಲಾಗುತ್ತದೆಂದು ಜಿನೀವಾದ ವಿಜ್ಞಾನಿಗಳು 2015ರಲ್ಲಿ ತೋರಿಸಿದ್ದಾರೆ. ನಾನು ನಿವೃತ್ತನಾದ ಮೇಲೆ ತಿಳಿದುಬಂದದ್ದು ಒಂದು ಸಮಾಧಾನ.

ಇಷ್ಟರಲ್ಲಿ ರಜೆ ಬಂತು. ಬೆಂಗಳೂರಿನಲ್ಲಿರುವ ಮಗಳ ಮನೆಗೆ ಹೋಗಲು ಬೀದರದಿಂದ ರಾತ್ರಿಯ ರೈಲಿಗೆ ಚೀಟಿ ಆಗಿತ್ತು. ನಾನು ಗೋಸುಂಬೆಗೆ ಪಾಲಕರನ್ನು ಹುಡುಕಲು ಹೊರಟೆ.

ನೆರೆಮನೆಯ ಅಜ್ಜಿ ಕೈ ಮುಗಿದಳು. “ನಿಮ್ಮ ಎಮ್ಮಿ ಹಿಂಡಂದ್ರ ಹಿಂಡತೀನ್ರಿ ಮಾಸ್ತರ. ಮುಂಜಾನೆ ಎದ್ದು ಅದರ ಮಾರಿ ನೋಡಂಗಿಲ್ಲ.” ದರ್ಜಿ ಬೇರೊಂದು ತೊಡಕು ತೆಗೆದ: “ಒಪ್ಪಿಸಿದಾಗ ಹಸರ ಇತ್ತು, ವಾಪಸ್ ಕೊಡೋವಾಗ ಬೂದ ಆಗಿದ್ರ, ಇದು ನಮ್ಮದಲ್ಲ ಅಂದ್ರ ನಾ ಏನ್ ಮಾಡ್ಲಿ?” ಮೊಮ್ಮಗನ ಗೆಳೆಯನೊಬ್ಬ ದಿನಕ್ಕೆ ಹತ್ತು ರೂಪಾಯಿಗೆ ಒಪ್ಪಿದ. ಆದರೆ ನೋಡಲು ಬಂದವರಿಂದ ತಲೆಗೆ ಎರಡು ರೂಪಾಯಿ ವಸೂಲಿ ಮಾಡುವ ಯೋಜನೆ ಅವನಲ್ಲಿ ಆಗಲೇ ಸಿದ್ಧವಾಗಿತ್ತೆಂದು ತಿಳಿದು, ಆ ಮಾತು ಮುರಿಯಿತು.

ಯಾರಾದರೂ ಸಿಕ್ಕಾರೆಂಬ ಆಸೆಯಿಂದ, ರಾತ್ರಿ ಕೂತು ಸೂಚನೆಗಳನ್ನು ಬರೆದೆ. ಮಿಡತೆ ಜೀವಂತವಿರಬೇಕು. ಎಲೆಗಳ ಮೇಲೆ ಎರಡು ಹೊತ್ತು ನೀರಿನ ಹನಿ ಇರಬೇಕು. ಬೆಳಗಿನ ಬಿಸಿಲು ಬೇಕು. ಸಾಕೆನಿಸಿದಾಗ ನೆರಳು ಸಿಗಬೇಕು. ಬೆರಳಿನ ಹಿಡಿತಕ್ಕೆ ದಪ್ಪ, ತೆಳು, ಎಲ್ಲ ತರದ ಕಡ್ಡಿ ಇರಬೇಕು. ಗಾಳಿ ಆಡಬೇಕು. ಯಾರೂ ಮುಟ್ಟಬಾರದು. ಬರೆದದ್ದನ್ನು ಓದಿದಾಗ ನಗು ಬಂತು. ಹಾಳೆಯ ತುಂಬ ನಾನು ಬರೆದದ್ದು ನಮ್ಮ ಹಿತ್ತಿಲ ಬೇಲಿಯ ವರ್ಣನೆಯಾಗಿತ್ತು.

ಆದರೂ ಬಿಡುವ ಮಾತು ಮೊಮ್ಮಗನಿಗೆ ಹೇಳಲು ನಾಲಗೆ ಬರಲಿಲ್ಲ. ಮರುದಿನ ಬೇರೆ ಚಿಂತೆ ಹತ್ತಿತು. ಗೋಸುಂಬೆ ಮಿಡತೆಯತ್ತ ನೋಡಲಿಲ್ಲ. ಕೊಂಬೆಯಿಂದಿಳಿದು ಕಪಾಟಿನ ಹಲಗೆಯ ಮೇಲೆ ಮೂಲೆಯಿಂದ ಮೂಲೆಗೆ ನಡೆಯತೊಡಗಿತು. ನಿಂತಲ್ಲೆಲ್ಲ ಮುಂಗಾಲಿನಿಂದ ಹಲಗೆಯನ್ನು ಕೆರೆಯಿತು. ಹುಡುಗ ಊಟ ಬಿಟ್ಟ. ಬೀದರದಲ್ಲಿದ್ದ ಪರಿಚಯದ ಪಶುವೈದ್ಯರೊಬ್ಬರಿಗೆ ಫೋನು ಮಾಡಿದೆ.

“ಹೊಟ್ಟೆ ಉಬ್ಬಿ ಗಂಟುಗಂಟಾಗಿದೆಯೇ?” ಎಂದು ಕೇಳಿದರು. ನೋಡಿದೆವು; ಆಗಿತ್ತು.

“ಅದು ಮೊಟ್ಟೆ ಇಡಲು ಮಣ್ಣು ಹುಡುಕುತ್ತಿದೆ ಮಾಸ್ತರರೇ. ಗಿಡದ ಮೇಲಿನ ಪ್ರಾಣಿ ಅದೊಂದಕ್ಕಾಗಿ ನೆಲಕ್ಕಿಳಿಯುತ್ತದೆ. ಮಣ್ಣು ಸಿಗದಿದ್ದರೆ ಮೊಟ್ಟೆ ಒಳಗೇ ನಿಂತು ತಾಯಿ ಸಾಯಬಹುದು. ನೀವು ಅದನ್ನು ಹಿಡಿದಿಟ್ಟದ್ದೇ ತಪ್ಪು. ಎಲ್ಲಿ ಸಿಕ್ಕಿತೋ ಅಲ್ಲಿಗೆ ಬಿಡಿ, ಈಗಲೇ.”

ಅಂದು ದಾರಿಯಲ್ಲಿ ಅದು ಏನು ಹುಡುಕುತ್ತಿತ್ತೆಂದು ಆಗ ಹೊಳೆಯಿತು. ಕಲ್ಲು ಎತ್ತಿದ ಹುಡುಗರಿಗಿಂತ ನಾನೇನು ಮೇಲೆಂದು ಆ ರಾತ್ರಿ ನಿದ್ದೆ ಬರಲಿಲ್ಲ. ಕಪಾಟಿನ ಬಾಗಿಲನ್ನು ಮೊಮ್ಮಗನೇ ತೆಗೆದ. ಕೊಂಬೆಯ ಸಮೇತ ಒಯ್ದು, ಹೊಲದ ಅಂಚಿನ ನಮ್ಮ ಸೀತಾಫಲದ ಗಿಡಕ್ಕೆ ಒರಗಿಸಿ ಬಂದ. ನನ್ನೊಡನೆ ಮಾತಾಡಲಿಲ್ಲ.

ಮರುದಿನವೇ ಪ್ರಯಾಣ. ಬೆಳಿಗ್ಗೆ ನೋಡಿದರೆ ಅದು ಗಿಡದ ಬುಡದಲ್ಲಿ ಎರೆಮಣ್ಣು ಬಗೆಯುತ್ತಿದೆ! ಮಳೆಯ ಹಸಿ ಇನ್ನೂ ಆರಿರಲಿಲ್ಲ. ಆ ಮಂದಗಾಮಿಗೆ ಅಷ್ಟು ಅವಸರ ಎಲ್ಲಿಂದ ಬಂತೋ. ನಾವು ದೂರದಲ್ಲಿ ಕೂತು ನೋಡಿದೆವು. ಮಧ್ಯಾಹ್ನದ ಹೊತ್ತಿಗೆ ಬಾಲ ಮಾತ್ರ ಹೊರಗಿತ್ತು. ಬಸ್ಸಿನ ಹೊತ್ತಾಗಿತ್ತು. ಎಮ್ಮೆ, ಕೋಳಿ, ನಾಯಿ ಓಡಾಡುವ ಜಾಗವದು.

ಮತ್ತೆ ಅಜ್ಜಿಯ ಮನೆಗೇ ಹೋದೆ. ಸೆರಗು ಬಾಯಿಗೆ ಹಿಡಿದು ಬಂದವಳು ಬೇಲಿಯ ಬಳಿ ನಿಂತು ಬಹಳ ಹೊತ್ತು ನೋಡಿದಳು.

“ಬಸುರೇನ್ರಿ ಇದು?”

“ಹೌದು.”

“ಮೊದಲ ಯಾಕ ಹೇಳಲಿಲ್ಲ?” ಎಂದು ನನ್ನನ್ನೇ ಗದರಿಸಿ, ಹೋಗಿ ಜಾಲಿಯ ಮುಳ್ಳುಕಂಟಿ ಎಳೆದುಕೊಂಡು ಬಂದಳು. “ಎಷ್ಟ್ ದಿನ ಕಾಯಬೇಕು?”

ಮರಿ ಹೊರಬರಲು ತಿಂಗಳುಗಳೇ ಹಿಡಿಯುತ್ತವೆ ಎಂದೆ. ಅವಳು ಬೆರಳು ಮಡಚಿ ಏನೋ ಎಣಿಸಿದಳು. “ನೀವು ಹೋಗಿ ಬರ್ರಿ, ಬಸ್ ತಪ್ಪತದ,” ಎಂದಳು.

ಹದಿನೈದು ದಿನ ಬಿಟ್ಟು ನಾವು ಮರಳಿದಾಗ ಗೋಸುಂಬೆ ಎಲ್ಲಿಯೂ ಕಾಣಲಿಲ್ಲ. ಮೊಮ್ಮಗ ಗಿಡದ ಎಲೆ ಎಲೆ ಹುಡುಕಿದ. ಬುಡದಲ್ಲಿ ಮಣ್ಣು ಮುಚ್ಚಿ ಸಪಾಟಾಗಿತ್ತು. ಮುಳ್ಳುಕಂಟಿ ಅಲ್ಲೇ ಇತ್ತು. ಅದರ ಸುತ್ತ ಅಜ್ಜಿ ಕಸ ಗುಡಿಸಿದ ಗೆರೆ ದುಂಡಗೆ ಬಿದ್ದಿತ್ತು.